ಗೆಟ್ಟವಾಡಿಯಿಂದ ಅಲೆಯ ಕೊಳದವರೆಗೆ

ನಮ್ಮ ಗೆಟ್ಟವಾಡಿಯಲ್ಲಿ ನೀರನ್ನು ಆಟದ ವಸ್ತುವೆಂದು ಯಾರೂ ಬಗೆದಿಲ್ಲ. ಅದು ಕೊಳವೆಬಾವಿಯ ಆಳದಿಂದ ಬರುವ ಸಂಗತಿ. ವಿದ್ಯುತ್ ಬಂದ ಹೊತ್ತಿಗೆ ಎದ್ದು ಎಲೆಕೋಸಿಗೋ ಅರಿಸಿನಕ್ಕೋ ಹಾಯಿಸಬೇಕಾದ ಸಂಗತಿ. ಮೈಗೆಲ್ಲ ಬಳಿದುಕೊಂಡು ಆಡುವ ಆಟ ನಮ್ಮ ತಾಳವಾಡಿ ಸೀಮೆಗೆ ಅಪರಿಚಿತವಲ್ಲ. ದೀಪಾವಳಿ ಮುಗಿದ ಮರುದಿನ ಗುಮಟಾಪುರದ ಬೀರೇಶ್ವರನ ಸನ್ನಿಧಿಯಲ್ಲಿ ನಡೆಯುವ ಗೊರೆಹಬ್ಬವನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಆದರೆ ಅಲ್ಲಿ ಎರಚುವುದು ಸಗಣಿಯನ್ನು, ನೀರನ್ನಲ್ಲ. ಹಾಗಿರುವಾಗ ಕಳೆದ ವರ್ಷ ನಮ್ಮ ಬೀದಿಯ ಮಕ್ಕಳು ಬೇಸಿಗೆ ರಜೆಗೆ ವಾಟರ್ ಪಾರ್ಕಿಗೆ ಕರೆದುಕೊಂಡು ಹೋಗಬೇಕೆಂದು ಹಟ ಹಿಡಿದಾಗ, ಹಿರಿಯಜ್ಜಿಯೊಬ್ಬರು ಕೇಳಿದ ಪ್ರಶ್ನೆ ಒಂದೇ: "ಅಷ್ಟು ಜನ ಆಡಿದ ನೀರು ಸಾಯಂಕಾಲ ಎಲ್ಲಿಗೆ ಹೋಗುತ್ತದೆ?"

ಆ ಪ್ರಶ್ನೆಗೆ ಮುಂದೆ ಬರುತ್ತೇನೆ. ಒಂಬತ್ತು ಮನೆಗಳ ಇಪ್ಪತ್ತೆರಡು ಮಕ್ಕಳು, ಹದಿಮೂರು ಮಂದಿ ದೊಡ್ಡವರು ಕಳೆದ ಮೇ ತಿಂಗಳಿನಲ್ಲಿ ಹೋಗಿಬಂದೆವು. ಊರಿನಲ್ಲಿ ಕಾನೂನು ಓದಿದವನೆಂಬ ಒಂದೇ ಕಾರಣಕ್ಕೆ ಏರ್ಪಾಟಿನ ಭಾರ ನನ್ನ ಹೆಗಲಿಗೆ ಬಿದ್ದಿತ್ತು. ಈ ವರ್ಷ ಅಕ್ಕಪಕ್ಕದ ಮೂರು ಊರುಗಳ ಪೋಷಕರು, ಹೇಗೆ ಮಾಡಿದಿರಿ, ಏನೇನು ನೋಡಿಕೊಳ್ಳಬೇಕು ಎಂದು ವಿಚಾರಿಸಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಇಲ್ಲಿಯೇ ಬರೆದಿಡುತ್ತಿದ್ದೇನೆ.

ಮೊದಲು ಎಲ್ಲಿಗೆ ಹೋಗುವುದೆಂಬ ಪ್ರಶ್ನೆ. ನಕ್ಷೆಯ ಪ್ರಕಾರ ನಾವು ಈರೋಡು ಜಿಲ್ಲೆಯವರು. ನಮ್ಮ ರಾಜ್ಯದೊಳಗೆ ಹತ್ತಿರದ ದೊಡ್ಡ ಜಲೋದ್ಯಾನವೆಂದರೆ ಮೇಟ್ಟುಪಾಳಯದ ಬಳಿ, ನೀಲಗಿರಿಯ ಬುಡದಲ್ಲಿರುವ ಬ್ಲ್ಯಾಕ್ ಥಂಡರ್. ಅಲ್ಲಿಗೆ ಹೋಗಬೇಕಾದರೆ ಹಾಸನೂರು ದಾಟಿ ದಿಂಬಂ ಘಟ್ಟದ ಇಪ್ಪತ್ತೇಳು ತಿರುವುಗಳನ್ನು ಇಳಿದು, ಬಣ್ಣಾರಿ ಅಮ್ಮನಿಗೆ ಕೈಮುಗಿದು, ಸತ್ಯಮಂಗಲದ ಮೇಲೆ ಹೋಗಬೇಕು. ಹತ್ತನೆಯ ತಿರುವಿನೊಳಗೆ ಅರ್ಧ ಮಕ್ಕಳು ವಾಂತಿ ಮಾಡಿಕೊಳ್ಳುವರೆಂಬುದು ಅನುಭವದ ಮಾತು. ಅದಕ್ಕಿಂತ ದೊಡ್ಡ ತೊಡಕು ಹಿಂತಿರುಗುವ ಹೊತ್ತಿನದು. ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ನಡುವೆ ಹಾಯುವ ಈ ಹೆದ್ದಾರಿಯಲ್ಲಿ ರಾತ್ರಿ ಸಂಚಾರದ ನಿರ್ಬಂಧವನ್ನು ಜಾರಿಗೊಳಿಸುವಂತೆ 2022ರಲ್ಲಿ ಮದರಾಸು ಉಚ್ಚ ನ್ಯಾಯಾಲಯವು ಆದೇಶಿಸಿತು. ಬಳಿಕ ಸ್ಥಳೀಯರಿಗೆ ಕೆಲವು ಸಡಿಲಿಕೆಗಳು ದೊರೆತವಾದರೂ, ಆನೆ ಆದೇಶವನ್ನು ಓದಿ ನಡೆಯುವ ಪ್ರಾಣಿಯಲ್ಲ. ಹಾಸನೂರಿನ ಕಾರಪಳ್ಳಂ ಬಳಿ ಕಬ್ಬಿನ ಲಾರಿಗಾಗಿ ಕಾದು ನಿಲ್ಲುವ ಆನೆಗಳನ್ನು ನಮ್ಮ ಮಕ್ಕಳು ಹಗಲಿನಲ್ಲಿಯೇ ಬೇಕಾದಷ್ಟು ಕಂಡಿದ್ದಾರೆ. ರಾತ್ರಿಯಲ್ಲಿ ಕಾಣಿಸಬೇಕಾದ ಅಗತ್ಯವಿಲ್ಲ.

ಇನ್ನೊಂದು, ಬಿಡದಿಯ ವಂಡರ್‌ಲಾ. 2005ರಲ್ಲಿ ಆರಂಭವಾದ ಅದು ಬೆಂಗಳೂರು ರಸ್ತೆಯಲ್ಲಿದೆ; ಮೈಸೂರು ಮುಟ್ಟಿದ ಮೇಲೆ ಮತ್ತೆ ನೂರು ಕಿಲೋಮೀಟರಿಗೂ ಮಿಗಿಲಾದ ದಾರಿ. ಒಂದೇ ದಿನದಲ್ಲಿ ಹೋಗಿಬರುವುದೆಂದರೆ ನೀರಿನಲ್ಲಿರುವ ಹೊತ್ತಿಗಿಂತ ಸೀಟಿನ ಮೇಲೆ ಕುಳಿತ ಹೊತ್ತೇ ಹೆಚ್ಚಾಗುತ್ತದೆ. ಉಳಿದದ್ದು ಮೈಸೂರಿನ ಮೇಟಗಳ್ಳಿಯಲ್ಲಿ, ಕನ್ನಂಬಾಡಿಗೆ ಹೋಗುವ ರಸ್ತೆಯ ಮೇಲಿರುವ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್. ತಾಳವಾಡಿಯಿಂದ ಚಾಮರಾಜನಗರ ಸುಮಾರು 25 ಕಿಲೋಮೀಟರ್. ಅಲ್ಲಿಂದ ಮೈಸೂರು ಸುಮಾರು 60. ಅಂದರೆ ನಮ್ಮ ಜಿಲ್ಲಾ ಕೇಂದ್ರವಾದ ಈರೋಡಿಗಿಂತ ಮೈಸೂರೇ ನಮಗೆ ಹತ್ತಿರ. 1956ರಲ್ಲಿ ರಾಜ್ಯಗಳ ಮರುವಿಂಗಡಣೆಯಾದಾಗ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರಿಗೆ ಹೋಯಿತು, ನಾವು ಇಲ್ಲಿಯೇ ಉಳಿದೆವು. ಆ ಇತಿಹಾಸವನ್ನು ಕೆದಕುವುದು ಇಂದಿನ ವಿಷಯವಲ್ಲ. ಆದರೂ ಹೇಳುತ್ತೇನೆ: ಮಕ್ಕಳು ಮೈಸೂರನ್ನು ಆರಿಸಿದ್ದಕ್ಕೆ ದೂರ ಮಾತ್ರ ಕಾರಣವಾಗಿರಲಿಲ್ಲ. ಏಳನೆಯ ತರಗತಿಯ ಹುಡುಗಿಯೊಬ್ಬಳು ಹೇಳಿದಳು, "ಅಲ್ಲಿ ಬೋರ್ಡನ್ನೆಲ್ಲ ಅಮ್ಮನಿಗೂ ಓದಲು ಬರುತ್ತದೆ." ಮಕ್ಕಳು ಶಾಲೆಯಲ್ಲಿ ಕನ್ನಡದ ಜೊತೆಗೆ ತಮಿಳನ್ನೂ ಕಲಿತು ಎರಡನ್ನೂ ಓದುತ್ತಾರೆ. ಅವರ ತಾಯಂದಿರಲ್ಲಿ ಹಲವರು ಓದಿದ್ದು ಕನ್ನಡ ಮಾತ್ರ. 'ಆಳವಿದೆ, ಎಚ್ಚರಿಕೆ' ಎಂಬ ಬರಹವನ್ನು ಓದಬೇಕಾದವರು ಮಕ್ಕಳಿಗಿಂತ ಮೊದಲು ತಾಯಂದಿರೇ.

ಹೇಗೆ ಹೋಗುವುದು ಎಂಬುದು ಎರಡನೆಯ ಪ್ರಶ್ನೆ; ಇದರಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ನೀರಿಗಿಂತ ಹೆಚ್ಚು ಕುಟುಂಬಗಳನ್ನು ರಸ್ತೆಯೇ ನುಂಗಿದೆ ಎಂಬುದನ್ನು ಮೋಟಾರು ಅಪಘಾತದ ಕಡತಗಳನ್ನು ಮುಟ್ಟಿದ ಪ್ರತಿ ವಕೀಲನೂ ಬಲ್ಲ. ನಮ್ಮ ಕಡೆ ಮೊದಲು ಬರುವ ಸಲಹೆ, ಟೊಮೆಟೊ ಸಾಗಿಸುವ ಚಿಕ್ಕ ಲಾರಿ. ಹಿಂದೆ ಟಾರ್ಪಾಲು ಕಟ್ಟಿ, ಜಮಖಾನ ಹಾಸಿ, ಮಕ್ಕಳನ್ನು ಕೂರಿಸಿದರೆ ಖರ್ಚು ಕಡಿಮೆ. ಮದುವೆಗೂ ಜಾತ್ರೆಗೂ ಹಾಗೆಯೇ ಹೋಗುತ್ತೇವಲ್ಲ ಎನ್ನುತ್ತಾರೆ. ಸರಕು ಸಾಗಣೆಯ ವಾಹನದಲ್ಲಿ ಹಾಗೆ ಕುಳಿತುಹೋಗುವ ಪ್ರಯಾಣಿಕರಿಗೆ ಏನಾದರೂ ಆದರೆ ಅದರ ಹೊಣೆ ವಿಮಾ ಕಂಪನಿಯದಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಆಶಾ ರಾಣಿ ಪ್ರಕರಣದಲ್ಲಿ 2002ರ ಡಿಸೆಂಬರಿನಲ್ಲಿಯೇ ತೀರ್ಮಾನಿಸಿದೆ. ಅಂದರೆ ಪರಿಹಾರದ ಹಣವನ್ನು ಲಾರಿಯ ಮಾಲೀಕ ಕೊಡಬೇಕು. ಆ ಮಾಲೀಕ ನಮ್ಮ ಪಕ್ಕದ ಮನೆಯವನೇ, ಸಾಲ ಮಾಡಿ ಲಾರಿ ಕೊಂಡವನು. ಆತನ ಮನೆಯನ್ನೂ ನಮ್ಮ ಮನೆಯನ್ನೂ ಒಟ್ಟಿಗೆ ಮುಳುಗಿಸುವ ಅಗ್ಗದ ಪ್ರಯಾಣ ಅದು.

ಎರಡನೆಯ ಸಲಹೆ, ಬಾಡಿಗೆ ವ್ಯಾನು. ಇಲ್ಲಿ ಗಡಿ ಅಡ್ಡ ಬರುತ್ತದೆ. ಒಂದು ರಾಜ್ಯದಲ್ಲಿ ಪರವಾನಗಿ ಪಡೆದ ಬಾಡಿಗೆ ವಾಹನವು ಇನ್ನೊಂದು ರಾಜ್ಯಕ್ಕೆ ಹೋಗಬೇಕಾದರೆ, 1988ರ ಮೋಟಾರು ವಾಹನ ಕಾಯಿದೆಯ 88ನೆಯ ಪ್ರಕರಣದ ಪ್ರಕಾರ ಅದಕ್ಕೆ ತಕ್ಕ ಪರವಾನಗಿ ಇರಬೇಕು. ಇಡೀ ವಾಹನವನ್ನು ಗೊತ್ತು ಮಾಡಿಕೊಂಡು ಹೋಗುವವರಿಗಾಗಿ ಅದೇ ಪ್ರಕರಣದ 8ನೆಯ ಉಪಪ್ರಕರಣದಲ್ಲಿ ವಿಶೇಷ ಪರವಾನಗಿಯ ಅವಕಾಶವಿದೆ. ತೆರಿಗೆ ಬೇರೆ. ಮೈಸೂರಿಗೆ ಹೊರಡುವ ನಮ್ಮ ವ್ಯಾನಿಗೂ ಇದು ಬೇಕು, ಅಲ್ಲಿಂದ ನಮ್ಮನ್ನು ಕರೆದೊಯ್ಯಲು ಬರುವ ಚಾಮರಾಜನಗರದ ವ್ಯಾನಿಗೂ ಬೇಕು. ಹಳದಿ ಫಲಕವಿಲ್ಲದ ಸ್ವಂತ ವಾಹನವನ್ನು ಬಾಡಿಗೆಗೆ ಕೊಡುವವರೂ ಇದ್ದಾರೆ. ಅದು ಲಾರಿಯಷ್ಟೇ ಅಪಾಯ. ಆದುದರಿಂದ ವ್ಯಾನು ಗೊತ್ತು ಮಾಡುವವರು ಬಾಡಿಗೆಯ ಮೊತ್ತವನ್ನು ಕೇಳುವ ಮೊದಲು ಪರವಾನಗಿ, ವಿಮೆ, ಅರ್ಹತಾ ಪತ್ರ ಮೂರನ್ನೂ ಕಣ್ಣಾರೆ ನೋಡಿ. ನೋಡಲು ಕೊಡದವನ ವಾಹನ ಬೇಡ.

ನಾವು ಆರಿಸಿದ್ದು ರೈಲನ್ನು. ಚಾಮರಾಜನಗರದಿಂದ ಮೈಸೂರಿಗೆ 61 ಕಿಲೋಮೀಟರಿನ ರೈಲುಮಾರ್ಗವಿದೆ. 2008ರಲ್ಲಿ ಅದು ಬ್ರಾಡ್‌ಗೇಜಿಗೆ ಬದಲಾಯಿತು. ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟಿಲ್ಲ, ಹನ್ನೆರಡು ತುಂಬದವರಿಗೆ ಅರ್ಧ. ನಮ್ಮ ಇಪ್ಪತ್ತೆರಡು ಮಕ್ಕಳಲ್ಲಿ ಹದಿನಾರು ಮಂದಿ ಅದುವರೆಗೆ ರೈಲು ಹತ್ತಿದವರೇ ಅಲ್ಲ. ವಿಚಾರಿಸುವವರೆಗೂ ಇದು ನನ್ನ ಗಮನಕ್ಕೆ ಬಂದಿರಲಿಲ್ಲ. ಬದನವಾಳು ನಿಲ್ದಾಣದಲ್ಲಿ, 1927ರಲ್ಲಿ ಗಾಂಧೀಜಿ ಬಂದುಹೋದ ಖಾದಿ ಕೇಂದ್ರದ ಊರು ಇದೆಂದು ನಾನು ಹೇಳತೊಡಗಿದೆ; ಒಬ್ಬರೂ ಕೇಳಲಿಲ್ಲ. ನಂಜನಗೂಡಿನಲ್ಲಿ ಕಪಿಲೆಯ ಮೇಲೆ ರೈಲು ಹಾಯುವಾಗ, ಪಕ್ಕದಲ್ಲಿ 1735ರದೆಂದು ಹೇಳುವ ಹಳೆಯ ಕಲ್ಲುಸೇತುವೆಯನ್ನು ತೋರಿಸಿದೆ, ಅದನ್ನೂ ನೋಡಲಿಲ್ಲ. ಹುಡುಗರು ನೋಡುತ್ತಿದ್ದುದು ಕೆಳಗಿನ ನೀರನ್ನು. "ಇಷ್ಟೊಂದು ನೀರನ್ನು ಸುಮ್ಮನೆ ಬಿಟ್ಟಿದ್ದಾರಲ್ಲ" ಎಂದನೊಬ್ಬ, ಹೊಲಕ್ಕೆ ನೀರು ಕಟ್ಟುವವನ ಮಗ.

ಗೆಟ್ಟವಾಡಿಯಿಂದ ಚಾಮರಾಜನಗರದವರೆಗೆ ಬಸ್ಸು. ಇದರಲ್ಲೊಂದು ವಿನೋದವಿದೆ. ತಮಿಳುನಾಡಿನ ಸಾಧಾರಣ ನಗರ ಸಾರಿಗೆ ಬಸ್ಸುಗಳಲ್ಲಿ 2021ರಿಂದ ಹೆಂಗಸರಿಗೆ ಟಿಕೆಟಿಲ್ಲ. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆ ನಡೆಯುತ್ತಿದೆ. ಎರಡು ರಾಜ್ಯಗಳ ನಡುವೆ ಇರುವ ನಮ್ಮ ಹೆಂಗಸರು ಎರಡು ಪಟ್ಟು ಅದೃಷ್ಟವಂತರೆಂದು ತಿಳಿಯಬೇಡಿ. ಮೈಸೂರಿನ ನಗರ ಬಸ್ಸಿನಲ್ಲಿ ನಮ್ಮ ತಾಯಂದಿರು ಅಚ್ಚ ಚಾಮರಾಜನಗರದ ಕನ್ನಡದಲ್ಲಿ ಮಾತನಾಡಿದರು. ನಿರ್ವಾಹಕರು ಗುರುತಿನ ಚೀಟಿ ಕೇಳಿದರು. ಚೀಟಿಯಲ್ಲಿ ಈರೋಡು ಜಿಲ್ಲೆ ಎಂದಿತ್ತು. ಎಂಟು ಟಿಕೆಟ್ ಕೊಂಡೆವು. ಯೋಜನೆ ನೋಡುವುದು ವಿಳಾಸವನ್ನು, ನಾಲಗೆಯನ್ನಲ್ಲ. ನಿರ್ವಾಹಕರು ನಿಯಮದಂತೆ ನಡೆದರು, ಅವರ ಮೇಲೆ ನನಗೆ ಆಕ್ಷೇಪವಿಲ್ಲ. ಖರ್ಚಿನ ಪಟ್ಟಿಯಲ್ಲಿ ಈ ಸಾಲನ್ನೂ ಸೇರಿಸಿಕೊಳ್ಳಿ ಎಂಬುದಕ್ಕಷ್ಟೇ ಬರೆದೆ.

ದಿನವನ್ನು ಗೊತ್ತು ಮಾಡುವಾಗಲೂ ಗಡಿಯವರು ಎರಡು ಸಲ ಯೋಚಿಸಬೇಕಾಗುತ್ತದೆ. ಕಾವೇರಿಯ ಗಲಾಟೆಯ ದಿನಗಳಲ್ಲಿ ಬಸ್ಸುಗಳು ಗಡಿಯಲ್ಲಿಯೇ ನಿಲ್ಲುತ್ತವೆ. 2016ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ತಮಿಳುನಾಡು ನೋಂದಣಿಯ ವಾಹನಗಳು ಸುಟ್ಟುಹೋದುದನ್ನು ಮರೆತಿಲ್ಲ. 2018ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಬಳಿಕ ಪರಿಸ್ಥಿತಿ ತಣ್ಣಗಾಗಿದೆಯಾದರೂ ಮಳೆ ಕೈಕೊಟ್ಟ ವರ್ಷ ಮತ್ತೆ ಬಿಸಿಯೇರುತ್ತದೆ. ಟಿಎನ್ ಎಂದು ಆರಂಭವಾಗುವ ಸಂಖ್ಯೆಯ ವಾಹನದೊಳಗೆ ಕನ್ನಡ ಪಠ್ಯಪುಸ್ತಕದ ಮಕ್ಕಳಿದ್ದಾರೆಂಬುದು ಹೊರಗಿನವರಿಗೆ ಹೇಗೆ ತಿಳಿಯಬೇಕು? ಮೇ ತಿಂಗಳಲ್ಲಿ ಈ ಭಯವಿರುವುದಿಲ್ಲ. ಭಾನುವಾರ ಬೇಡ, ವಾರದ ನಡುವಣ ದಿನವಿರಲಿ. ಮಧ್ಯಾಹ್ನದ ಮೇಲೆ ಗುಡುಗು ಮಿಂಚು ಬಂದರೆ ಮಕ್ಕಳನ್ನು ನೀರಿನಿಂದ ಹೊರಗೆ ಕರೆಯಲೇಬೇಕು. ಹಾಗಾಗಿ ಮುಖ್ಯವಾದ ಆಟಗಳನ್ನು ಊಟಕ್ಕೆ ಮೊದಲೇ ಮುಗಿಸಿಕೊಳ್ಳುವುದು ಜಾಣತನ.

ಇಡೀ ದಿನದ ಯೋಜನೆಯನ್ನು ಹಿಂದಿನಿಂದ ಮುಂದಕ್ಕೆ ಕಟ್ಟಿದೆವು. ಮೊದಲು ಬರೆದದ್ದು ಚಾಮರಾಜನಗರದಿಂದ ನಮ್ಮೂರ ಕಡೆಗೆ ಹೊರಡುವ ಕೊನೆಯ ಬಸ್ಸಿನ ವೇಳೆ. ಅದಕ್ಕೆ ತಕ್ಕ ರೈಲು, ರೈಲಿಗೆ ತಕ್ಕಂತೆ ಉದ್ಯಾನದಿಂದ ಹೊರಡುವ ಗಳಿಗೆ. ಲೆಕ್ಕ ಹಾಕಿದಾಗ ನಾಲ್ಕು ಗಂಟೆಗೆ ನೀರು ಬಿಡಬೇಕೆಂದು ಬಂತು. ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ಒಳಗೆ ಹೋದರೆ ಐದೂವರೆ ಗಂಟೆ ಸಿಗುತ್ತದೆ. ಮಕ್ಕಳು ಗೊಣಗಿದರು. ಬೆಳಿಗ್ಗೆಯಿಂದ ಮುಂದಕ್ಕೆ ಯೋಜಿಸಿದ್ದರೆ ಕತ್ತಲಾದ ಮೇಲೆ ಮೂವತ್ತೈದು ಮಂದಿ ಚಾಮರಾಜನಗರದ ನಿಲ್ದಾಣದಲ್ಲಿ ಕುಳಿತಿರುತ್ತಿದ್ದೆವು.

ಹಣದ ವಿಚಾರ. ಕೂಲಿ ಮಾಡುವ ಮನೆಗೆ ಇದು ಹಲವು ದಿನಗಳ ದುಡಿಮೆ. ದೀಪಾವಳಿಯ ಮರುವಾರದಿಂದಲೇ ತಿಂಗಳಿಗಿಷ್ಟೆಂದು ಚೀಟಿ ಹಾಕಿ ಕೂಡಿಸಿದೆವು; ಕೊಡಲಾಗದ ಎರಡು ಮನೆಗಳ ಪಾಲನ್ನು ಯಾರು ಕೊಟ್ಟರೆಂಬುದು ಪುಸ್ತಕದಲ್ಲಿ ಬರೆದಿಲ್ಲ. ಟಿಕೆಟಿನ ದರವನ್ನು ನಾನಿಲ್ಲಿ ಹೇಳುವುದಿಲ್ಲ, ಅದು ಬದಲಾಗುತ್ತಿರುತ್ತದೆ; ದೂರವಾಣಿಯಲ್ಲಿ ಕೇಳಿ, ಶಾಲಾ ಗುಂಪಿಗೆ ರಿಯಾಯಿತಿ ಇದೆಯೇ ಎಂಬುದನ್ನೂ ಕೇಳಿ. ಇಂಥ ಉದ್ಯಾನಗಳಲ್ಲಿ ಮಕ್ಕಳ ಟಿಕೆಟನ್ನು ಬಹುಮಟ್ಟಿಗೆ ವಯಸ್ಸಿನಿಂದಲ್ಲ, ಎತ್ತರದಿಂದ ನಿರ್ಧರಿಸುತ್ತಾರೆ. ದೊಡ್ಡ ಜಾರುಬಂಡೆಗಳನ್ನು ಹತ್ತಲು ಬಿಡುವುದೂ ಎತ್ತರ ನೋಡಿಯೇ. ಇದು ಗೊತ್ತಾದ ದಿನದಿಂದ ನಮ್ಮ ಬೀದಿಯ ಗೋಡೆಯೊಂದರ ಮೇಲೆ ಸೀಮೆಸುಣ್ಣದ ಗೆರೆಗಳು ಎದ್ದವು. 138 ಸೆಂಟಿಮೀಟರಿನ ಹುಡುಗಿಯೊಬ್ಬಳು ಪ್ರತಿ ಭಾನುವಾರ ಬಂದು ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದಳು. ಕಡೆಗೆ ಟಿಕೆಟಿನ ಕಿಟಕಿಯ ಬಳಿ ಕಂಡ ದೃಶ್ಯವೇನೆಂದರೆ, ಅಪ್ಪಂದಿರು ಮಕ್ಕಳ ತಲೆಯ ಮೇಲೆ ಕೈಯಿಟ್ಟು ಮೆಲ್ಲಗೆ ಒತ್ತುತ್ತಿದ್ದರು, ಮಕ್ಕಳು ತುದಿಗಾಲಿನ ಮೇಲೆ ಏಳುತ್ತಿದ್ದರು.

ಬಟ್ಟೆಯ ಮಾತು ತಾಯಂದಿರಿಗೆ. ನೀರಿಗಿಳಿಯಲು ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಯೇ ಬೇಕೆನ್ನುತ್ತಾರೆ. ಇದು ಬಟ್ಟೆ ಬಾಡಿಗೆಗೆ ಕೊಟ್ಟು ಕಾಸು ಮಾಡುವ ಉಪಾಯವೆಂದು ನಾನೂ ಅನುಮಾನಿಸಿದ್ದೆ, ಪೂರ್ತಿ ಹಾಗಲ್ಲ. ಹತ್ತಿಬಟ್ಟೆ ನೀರನ್ನು ಹೀರಿ ಭಾರವಾಗುತ್ತದೆ, ಅದರ ಎಳೆಗಳು ಸೋಸುವ ಯಂತ್ರಕ್ಕೆ ಸಿಕ್ಕಿಕೊಳ್ಳುತ್ತವೆ. ಲೋಹದ ಗುಂಡಿ, ಜಿಪ್ಪು ಇದ್ದರೆ ಜಾರುಬಂಡೆಯ ಮೈ ಗೀರಿ, ಹಿಂದೆ ಬರುವ ಮಗುವಿನ ಬೆನ್ನಿಗೆ ತಾಗುತ್ತದೆ. ಸೀರೆಯಂತೂ ಕೂಡದು. ತಾಳವಾಡಿಯ ಸಂತೆಯಲ್ಲಿಯೇ ಅಗ್ಗದ ನೈಲಾನ್ ಅಂಗಿ, ಪೈಜಾಮ ಕೊಂಡುಕೊಂಡರೆ ಬಾಡಿಗೆ ಉಳಿಯುತ್ತದೆ. ಸೀರೆಯಲ್ಲಿಯೇ ಬಂದ ತಾಯಂದಿರು ದಿನವಿಡೀ ಚೀಲ ಕಾಯುತ್ತ ಕೂರುವುದು ಇಂಥ ಪ್ರವಾಸಗಳ ರೂಢಿ. ಟಿಕೆಟಿಗೆ ಅವರೂ ಅಷ್ಟೇ ಹಣ ಕೊಟ್ಟಿರುತ್ತಾರೆ. ಆದ್ದರಿಂದ ಮಧ್ಯಾಹ್ನ ಎರಡು ಗಂಟೆಯಿಂದ ಗಂಡಸರೇ ಚೀಲ ಕಾಯತಕ್ಕದ್ದು ಎಂದು ಬರೆದಿಟ್ಟಿದ್ದೆವು. ಇಬ್ಬರು ಗಂಡಸರು ತಕರಾರು ತೆಗೆದರು, ಬರಹದಲ್ಲಿದೆ ಎಂದು ತೋರಿಸಿದೆ.

ಈಗ ಅಜ್ಜಿಯ ಪ್ರಶ್ನೆ. ಆ ನೀರು ಸಾಯಂಕಾಲ ಎಲ್ಲಿಗೂ ಹೋಗುವುದಿಲ್ಲ, ಅಲ್ಲಿಯೇ ಇರುತ್ತದೆ. ಪಂಪುಗಳು ಅದನ್ನು ಎಳೆದು, ಮರಳಿನ ಸೋಸುಗಳ ಮೂಲಕ ಹಾಯಿಸಿ, ಕ್ಲೋರಿನ್ ಸೇರಿಸಿ ಮತ್ತೆ ಕೊಳಕ್ಕೆ ಬಿಡುತ್ತವೆ. ಆವಿಯಾಗಿ, ಚೆಲ್ಲಿ, ಒದ್ದೆಬಟ್ಟೆಯಲ್ಲಿ ಹೋದಷ್ಟನ್ನು ಮಾತ್ರ ಹೊಸದಾಗಿ ತುಂಬಬೇಕು. ಕೊಳದ ಬಳಿ ಮೂಗಿಗೆ ಅಡರುವ ಘಾಟು ಕ್ಲೋರಿನ್ನಿನದೆಂದು ತಿಳಿಯುತ್ತೇವೆ; ವಾಸ್ತವವಾಗಿ ಬೆವರು, ಮೂತ್ರಗಳೊಡನೆ ಕ್ಲೋರಿನ್ ಸೇರಿ ಹುಟ್ಟುವ ವಸ್ತುಗಳ ವಾಸನೆ ಅದು. ಆದುದರಿಂದಲೇ ಇಳಿಯುವ ಮೊದಲು ಸ್ನಾನ ಮಾಡಬೇಕು, ಚಿಕ್ಕವರನ್ನು ಗಂಟೆಗೊಮ್ಮೆ ಶೌಚಾಲಯಕ್ಕೆ ಕರೆದೊಯ್ಯಬೇಕು. ಇದನ್ನು ಹೇಳಿದಾಗ ಅಜ್ಜಿ, "ಹಾಗಾದರೆ ನಾನು ಬರುವುದಿಲ್ಲ" ಎಂದರು. ಆದರೂ ಬಂದರು.

ಇಂಥ ಉದ್ಯಾನಗಳ ಕಲ್ಪನೆ ಹಳೆಯದೇನಲ್ಲ. 1977ರಲ್ಲಿ ಅಮೆರಿಕದ ಒರ್ಲಾಂಡೊದಲ್ಲಿ ಜಾರ್ಜ್ ಮಿಲ್ಲೆ ಎಂಬವರು ತೆರೆದ ವೆಟ್ ಎನ್ ವೈಲ್ಡ್ ಈ ಬಗೆಯ ಮೊದಲನೆಯದೆಂದು ಹೇಳುತ್ತಾರೆ. ಅಲೆಯ ಕೊಳ ಮಾತ್ರ ಅದಕ್ಕಿಂತ ಹಿಂದಿನದು; ಹಂಗೇರಿಯ ಬುಡಾಪೆಸ್ಟಿನ ಗೆಲರ್ಟ್ ಸ್ನಾನಗೃಹದಲ್ಲಿ 1927ರಲ್ಲಿಯೇ ಒಂದನ್ನು ಕಟ್ಟಿದ್ದರು. ಇಂದಿನ ಕೊಳಗಳಲ್ಲಿ ಸಾಮಾನ್ಯವಾಗಿ ಆಳದ ಕೊನೆಯ ಗೋಡೆಯ ಹಿಂದೆ ಕೋಣೆಗಳಿರುತ್ತವೆ. ಬೀಸಣಿಗೆಯ ಯಂತ್ರಗಳು ಅವುಗಳೊಳಗೆ ಗಾಳಿಯನ್ನು ತುಂಬಿ ನೀರನ್ನು ಕೆಳಕ್ಕೆ ಒತ್ತಿ ಬಿಡುತ್ತವೆ. ಆ ಒತ್ತು ಅಲೆಯಾಗಿ ಎದ್ದು ತೆಳುವಾದ ದಡದ ಕಡೆಗೆ ಬರುತ್ತದೆ. ಸಮುದ್ರವನ್ನು ಕಾಣದ ನಮ್ಮ ಮಕ್ಕಳಿಗೆ ಮೊದಲ ಸಮುದ್ರ ಅದೇ ಆಯಿತು.

ಅಪಾಯ ಇರುವುದೂ ಅಲ್ಲಿಯೇ. ಎತ್ತರದ ಜಾರುಬಂಡೆಯನ್ನು ಕಂಡು ಹೆದರುವ ತಂದೆತಾಯಿಗಳು ಅಲೆಯ ಕೊಳವನ್ನು ಕಂಡು ನಿಶ್ಚಿಂತರಾಗುತ್ತಾರೆ. ಜಾರುಬಂಡೆಯಲ್ಲಿ ಒಬ್ಬರ ನಂತರ ಒಬ್ಬರು ಬರುತ್ತಾರೆ, ಮೇಲೊಬ್ಬ ಕೆಳಗೊಬ್ಬ ಕಾವಲುಗಾರನಿರುತ್ತಾನೆ. ಅಲೆಯ ಕೊಳದಲ್ಲಿ ನೂರಾರು ತಲೆಗಳು ಒಟ್ಟಿಗೆ ಏಳುತ್ತವೆ, ಮುಳುಗುತ್ತವೆ. ಮುಳುಗುವ ಮಗು ಸಿನಿಮಾದಲ್ಲಿ ಕಾಣುವಂತೆ ಕೈ ಬೀಸಿ ಕೂಗುವುದಿಲ್ಲ. ಬಾಯಿ ನೀರಿನ ಮಟ್ಟಕ್ಕೆ ಬಂದ ಮೇಲೆ ಕೂಗಲು ಉಸಿರೇ ಇರುವುದಿಲ್ಲ. ಒಂದು ನಿಮಿಷದೊಳಗೆ, ಸದ್ದಿಲ್ಲದೆ ಎಲ್ಲ ಮುಗಿಯಬಹುದು. 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನಮ್ಮ ಬೆಟ್ಟದ ಮಕ್ಕಳಿಗೆ ಈಜು ಬಾರದು. ಕಲಿಯಲು ಕೆರೆಯಲ್ಲಿ ನೀರಿಲ್ಲ, ನೀರಿರುವ ಕೃಷಿಹೊಂಡಗಳ ಪ್ಲಾಸ್ಟಿಕ್ ಹಾಸಿನ ಮೇಲೆ ಕಾಲು ನಿಲ್ಲುವುದಿಲ್ಲ.

ಕೃಷಿಹೊಂಡದ ಮಾತನ್ನು ಸುಮ್ಮನೆ ಎತ್ತಲಿಲ್ಲ. ನಮ್ಮ ಒಂಬತ್ತು ಮನೆಗಳ ಪೈಕಿ ಒಂದು ಮನೆಯ ತಾಯಿ ಮೊದಲು ಬರಲು ಒಪ್ಪಿರಲಿಲ್ಲ, ಮಗನನ್ನು ಕಳುಹಿಸಲೂ ಒಪ್ಪಿರಲಿಲ್ಲ. ಆಕೆಯ ತಮ್ಮ ಹನ್ನೊಂದನೆಯ ವಯಸ್ಸಿನಲ್ಲಿ ಹೊಲದ ಹೊಂಡದಲ್ಲಿ ಹೋದವನು. ನಾನು ಅವರ ಮನೆಯ ಜಗಲಿಯ ಮೇಲೆ ಕುಳಿತು ಕಾವಲುಗಾರರ ವಿಷಯ, ತೇಲುವ ಜಾಕೀಟಿನ ವಿಷಯ ಎಲ್ಲವನ್ನೂ ವಾದಿಸಿದೆ. ಆಕೆ ಕೇಳಿಕೊಂಡು, "ಅವತ್ತೂ ಹತ್ತಿರದಲ್ಲಿ ನಾಲ್ಕು ಜನ ದೊಡ್ಡವರಿದ್ದರು" ಎಂದರು. ನನ್ನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಎರಡು ದಿನ ಕಳೆದು ಅವರೇ ಬಂದರು. ಮಗ ಊಟ ಬಿಟ್ಟಿದ್ದನಂತೆ. "ಬರುತ್ತೇನೆ. ನೀರಿಗೆ ಇಳಿಯುವುದಿಲ್ಲ. ಎಣಿಸುವ ಕೆಲಸ ನನಗೆ ಕೊಡಿ" ಎಂದರು. ಅಂದಿನವರೆಗೆ ನಮ್ಮ ಯೋಜನೆಯಲ್ಲಿ ಎಣಿಸುವುದೆಂಬ ಕೆಲಸವೇ ಇರಲಿಲ್ಲ.

ಆ ಮಾತು ನನಗೊಂದು ತೀರ್ಪನ್ನು ನೆನಪಿಗೆ ತಂದಿತು. 1995ರ ಮೇ ತಿಂಗಳಲ್ಲಿ ಹಿಮಾಚಲ ಪ್ರದೇಶದ ಬಿಯಾಸ್ ನದಿಯ ದಡಕ್ಕೆ ಶಾಲೆಯೊಂದರ ಮಕ್ಕಳನ್ನು ವಿಹಾರಕ್ಕೆ ಕರೆದೊಯ್ದಿದ್ದರು. ಹದಿನಾಲ್ಕು ಮಕ್ಕಳು ಹಿಂತಿರುಗಲಿಲ್ಲ. ಗ್ರೆವಾಲ್ ವಿರುದ್ಧ ದೀಪ್ ಚಂದ್ ಸೂದ್ ಎಂಬ ಆ ಪ್ರಕರಣದಲ್ಲಿ 2001ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮಗುವೊಂದಕ್ಕೆ ಐದು ಲಕ್ಷ ರೂಪಾಯಿಗಳ ಪರಿಹಾರವನ್ನು ಎತ್ತಿಹಿಡಿಯಿತು. ಮಕ್ಕಳನ್ನು ಕರೆದೊಯ್ದವರ ಮೇಲೆ ಅವರನ್ನು ಕಾಯುವ ಹೊಣೆಯಿದೆ ಎಂಬುದೇ ಅದರ ತಿರುಳು. ಪೋಷಕರಿಂದ 'ಏನಾದರೂ ಆದರೆ ನೀವು ಜವಾಬ್ದಾರರಲ್ಲ' ಎಂದು ಬರೆಸಿಕೊಂಡರೆ ಸಾಕೆಂದು ತಿಳಿಯುವ ಸಂಘಟಕರು ಇದನ್ನು ಗಮನಿಸಬೇಕು. ಟಿಕೆಟಿನ ಹಿಂದೆ ಚಿಕ್ಕ ಅಕ್ಷರಗಳಲ್ಲಿ 'ಪ್ರವೇಶ ಸ್ವಂತ ಹೊಣೆಯ ಮೇಲೆ' ಎಂದು ಅಚ್ಚಾಗಿದ್ದ ಮಾತ್ರಕ್ಕೆ ಉದ್ಯಾನದವರ ನಿರ್ಲಕ್ಷ್ಯಕ್ಕೂ ಮಾಫಿ ಸಿಕ್ಕಂತಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಅನ್ಯಾಯದ ಕರಾರುಗಳನ್ನು ಪ್ರಶ್ನಿಸಲು ಅವಕಾಶ ಕೊಟ್ಟಿದೆ. ಟಿಕೆಟನ್ನು ಎಸೆಯದೆ ಇಟ್ಟುಕೊಳ್ಳಿ. ಆದರೆ ಮೊಕದ್ದಮೆ ಗೆದ್ದ ತಂದೆತಾಯಿಗಳನ್ನು ನಾನು ನೋಡಿದ್ದೇನೆ, ಗೆದ್ದವರಂತೆ ಒಬ್ಬರೂ ಕಾಣುವುದಿಲ್ಲ.

ಹಾಗಾಗಿ ಪೋಷಕರಿಂದ ನಾನು ಬರೆಸಿಕೊಂಡದ್ದು ಒಪ್ಪಿಗೆಯ ಪತ್ರಕ್ಕಿಂತ ಮಾಹಿತಿಯ ಪತ್ರ. ಮಗುವಿಗೆ ಮೂರ್ಛೆ ಬರುವುದುಂಟೇ, ಉಬ್ಬಸವೇ, ಹೃದಯದ ತೊಂದರೆಯೇ, ಕಿವಿ ಸೋರುವುದೇ, ಯಾವ ಮಾತ್ರೆ ತೆಗೆದುಕೊಳ್ಳುತ್ತದೆ. ಮೂರ್ಛೆಯ ಪ್ರಶ್ನೆಗೆ ಒಂದು ಮನೆಯವರು ಮೊದಲು 'ಇಲ್ಲ' ಎಂದು ಬರೆದು, ರಾತ್ರಿ ಬಂದು ತಿದ್ದಿದರು. ನಾಲ್ಕು ಜನಕ್ಕೆ ತಿಳಿಯುವುದೆಂಬ ಸಂಕೋಚ. ಆ ಹುಡುಗ ಬಂದ, ಅವನ ಚಿಕ್ಕಪ್ಪ ದಿನವಿಡೀ ಅವನ ಕೈ ಹಿಡಿದೇ ಇದ್ದರು, ಸೊಂಟಕ್ಕಿಂತ ಆಳಕ್ಕೆ ಬಿಡಲಿಲ್ಲ. ಆ ಪತ್ರವನ್ನು ಓದಿದವನು ನಾನೊಬ್ಬನೇ.

ಐದು ಮಕ್ಕಳಿಗೆ ಒಬ್ಬ ದೊಡ್ಡವರೆಂದು ಹೆಸರಿಸಿ ಗೊತ್ತು ಮಾಡಿದೆವು. ಎಲ್ಲರೂ ನೋಡಿಕೊಳ್ಳುತ್ತಾರೆ ಎಂದರೆ ಯಾರೂ ನೋಡುವುದಿಲ್ಲ. ಹುಡುಗರಿಗೆಲ್ಲ ಕೇಸರಿ ಬಣ್ಣದ ಟೋಪಿ ಕೊಂಡೆವು. ಒಳಗೆ ಹೋದ ಕೂಡಲೇ ಒಂದು ಮರವನ್ನು ತೋರಿಸಿ, ದಾರಿ ತಪ್ಪಿದರೆ ಹುಡುಕಾಡದೆ ಇಲ್ಲಿಗೆ ಬಂದು ಕೂರಬೇಕು, ಇಲ್ಲಿ ಒಬ್ಬರು ಸದಾ ಇರುತ್ತಾರೆ ಎಂದು ಹೇಳಿದೆವು. ಮರದ ಕೆಳಗಿನ ಪಾಳಿಯನ್ನು ಬರೆದವನು ನಾನು. ಹನ್ನೆರಡರಿಂದ ಒಂದರವರೆಗೆ ನನ್ನದೇ ಪಾಳಿ.

ಹನ್ನೆರಡೂವರೆಗೆ ಅಲೆಯ ಕೊಳದಲ್ಲಿ ಅಲೆ ಎಬ್ಬಿಸುವ ಗಂಟೆ ಬಾರಿಸಿತು. ಮಕ್ಕಳ ಕೂಗು ಕೇಳಿಸಿತು. ಎರಡು ನಿಮಿಷ ಫೋನಿನಲ್ಲಿ ಚಿತ್ರ ತೆಗೆದುಕೊಂಡು ಬರೋಣವೆಂದು ಮರವನ್ನು ಬಿಟ್ಟು ಹೋದೆ. ದಡದಲ್ಲಿ ಆ ತಾಯಿ ನಿಂತು ಎಣಿಸುತ್ತಿದ್ದರು. ಒಮ್ಮೆ ಎಣಿಸಿದರು, ಮತ್ತೊಮ್ಮೆ ಎಣಿಸಿದರು, ನನ್ನ ಕಡೆ ತಿರುಗಿ, "ಇಪ್ಪತ್ತೊಂದು" ಎಂದರು. ಧ್ವನಿಯಲ್ಲಿ ಗಾಬರಿಯಿರಲಿಲ್ಲ. ಆಕೆಯ ಮುಖವನ್ನು ನೋಡಿ ನನಗೆ ಕಾಲು ಬಂದಂತಾಗಿ ಕಾವಲುಗಾರನ ಬಳಿಗೆ ಓಡಿದೆ. ಆತ ಮರುಮಾತಾಡದೆ ಸೀಟಿ ಊದಿ ಅಲೆ ನಿಲ್ಲಿಸಿದ. ನೀರು ಸಮತಟ್ಟಾಗುವವರೆಗೆ ಎಲ್ಲರೂ ನಿಂತಲ್ಲಿಯೇ ನಿಂತರು. ತಳ ಕಾಣುತ್ತಿತ್ತು. ತಳದಲ್ಲಿ ಯಾರೂ ಇರಲಿಲ್ಲ.

ನಾಲ್ಕನೆಯ ತರಗತಿಯ ಆ ಹುಡುಗ ಮರದ ಕೆಳಗೆ ಕುಳಿತಿದ್ದ. ಕಿವಿ ನೋಯುತ್ತಿತ್ತಂತೆ, ಹೇಳಿಕೊಟ್ಟಂತೆಯೇ ನೇರವಾಗಿ ಮರದ ಬಳಿಗೆ ಬಂದಿದ್ದಾನೆ, ಅಲ್ಲಿ ಯಾರೂ ಇಲ್ಲದ್ದನ್ನು ಕಂಡು ಅಲ್ಲಿಯೇ ಕುಳಿತಿದ್ದಾನೆ. "ಮಾವ, ನೀವು ಇರುತ್ತೀರಿ ಅಂದಿದ್ದಿರಲ್ಲ" ಎಂದ. ಒಟ್ಟು ಹನ್ನೆರಡು ನಿಮಿಷ ಎಂದು ಆಮೇಲೆ ಯಾರೋ ಲೆಕ್ಕ ಹೇಳಿದರು. ಒಂಬತ್ತು ವರ್ಷದ ಹುಡುಗನೊಬ್ಬ ಪಾಲಿಸಿದ ನಿಯಮವನ್ನು ಬರೆದ ವಕೀಲನೇ ಮುರಿದಿದ್ದ. ಅವನ ತಂದೆ ನನಗೆ ಒಂದು ಮಾತನ್ನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಈ ಸಂಗತಿಯನ್ನು ಮುಚ್ಚಿಟ್ಟು ಉಳಿದ ಸಲಹೆಗಳನ್ನಷ್ಟೇ ಬರೆಯಬಹುದಾಗಿತ್ತು. ಆಗ ಈ ಬರಹದಿಂದ ಯಾರಿಗೂ ಉಪಯೋಗವಾಗುತ್ತಿರಲಿಲ್ಲ. ಫೋನನ್ನು ಲಾಕರಿನಲ್ಲಿಡಿ.

ಊಟಕ್ಕೆ ಹೊರಗಿನ ತಿಂಡಿಯನ್ನು ಒಳಗೆ ಬಿಡುವರೋ ಇಲ್ಲವೋ ಎಂಬುದನ್ನು ಮೊದಲೇ ಕೇಳಿಕೊಳ್ಳಿ. ನಾವು ಚಿತ್ರಾನ್ನ ಮೊಸರನ್ನದ ಬುತ್ತಿಯನ್ನು ರೈಲಿನಲ್ಲಿಯೇ ಅರ್ಧ ಮುಗಿಸಿದ್ದೆವು. ಊಟವಾದ ಮೇಲೆ ಒಂದು ಗಂಟೆ ಜಾರುಬಂಡೆ ಬೇಡವೆಂದು ತಡೆದೆವು. ಆ ಹೊತ್ತಿನಲ್ಲಿ 138 ಸೆಂಟಿಮೀಟರಿನ ಹುಡುಗಿ, ಈಗ 139 ಮತ್ತೂ ಸ್ವಲ್ಪ, ದೊಡ್ಡ ಜಾರುಬಂಡೆಯ ಅಳತೆಗೋಲಿನ ಮುಂದೆ ಮೂರನೆಯ ಸಲ ನಿಂತು, ಮೂರನೆಯ ಸಲ ಹಿಂತಿರುಗಿ ಬಂದಳು. ಆಕೆಯ ತಂದೆಗೆ ಅರ್ಧ ಟಿಕೆಟಿನ ಸಂತೋಷವನ್ನು ಪೂರ್ತಿ ತೋರಿಸಿಕೊಳ್ಳಲಾಗಲಿಲ್ಲ.

ಎರಡು ಗಂಟೆಗೆ, ಬರಹದ ಪ್ರಕಾರ, ಗಂಡಸರು ಚೀಲಗಳ ಬಳಿ ಕುಳಿತೆವು. ಏಳು ಮಂದಿ ತಾಯಂದಿರು ನೈಲಾನ್ ಉಡುಪಿನಲ್ಲಿ ನಾಚುತ್ತ ಹೋಗಿ, ಹತ್ತು ನಿಮಿಷದಲ್ಲಿ ನಾಚಿಕೆ ಮರೆತು, ಮಂದಗತಿಯ ಕಾಲುವೆಯಲ್ಲಿ ರಬ್ಬರಿನ ಬಳೆಗಳ ಮೇಲೆ ತೇಲಿದರು. ಅಜ್ಜಿ ದಡದಲ್ಲಿ ಕುಳಿತು, "ಕೊಳಕು ನೀರು, ಬಾಯಿ ಮುಚ್ಚಿಕೊಳ್ಳಿ" ಎಂದು ಪ್ರತಿ ಸುತ್ತಿಗೂ ಕೂಗುತ್ತಿದ್ದರು. ಎಂಟನೆಯ ತಾಯಿ ಅಲೆಯ ಕೊಳದ ದಡವನ್ನು ಬಿಟ್ಟಿರಲಿಲ್ಲ. ಮೂರೂವರೆಯ ಹೊತ್ತಿಗೆ ನೋಡುತ್ತೇನೆ, ಸೀರೆಯ ನೆರಿಗೆಯನ್ನು ಎತ್ತಿ ಹಿಡಿದು, ಪಾದ ಮುಳುಗುವಷ್ಟು ನೀರಿನಲ್ಲಿ ನಿಂತಿದ್ದಾರೆ. ಅಲೆ ಬಂದಾಗ ಹಿಂದೆ ಸರಿಯುತ್ತಿರಲಿಲ್ಲ. ಮಗ ಬಂದು ಕೈ ಹಿಡಿದು ಮುಂದಕ್ಕೆ ಎಳೆದ. ಅವರು ಹೋಗಲಿಲ್ಲ, ಕೈಯನ್ನೂ ಬಿಡಲಿಲ್ಲ. ತುಟಿಗಳು ಎಣಿಸುತ್ತಲೇ ಇದ್ದವು.

ನಾಲ್ಕು ಗಂಟೆಗೆ ಹೊರಟೆವು. ಕನ್ನಂಬಾಡಿ ಇನ್ನು ಸ್ವಲ್ಪವೇ ದೂರ, ಬೃಂದಾವನದ ಕಾರಂಜಿಯನ್ನೂ ನೋಡಿಬಿಡೋಣವೆಂದು ಒಬ್ಬಿಬ್ಬರು ಆಸೆಪಟ್ಟರು. ಕೊನೆಯ ಬಸ್ಸನ್ನು ನೆನಪಿಸಿದೆ. ರೈಲಿನಲ್ಲಿ ನಂಜನಗೂಡು ಬರುವುದರೊಳಗೆ ಮಕ್ಕಳೆಲ್ಲ ನಿದ್ದೆಹೋಗಿದ್ದರು. ಕಪಿಲೆಯನ್ನು ಈ ಸಲ ಯಾರೂ ನೋಡಲಿಲ್ಲ. ಚಾಮರಾಜನಗರದಲ್ಲಿ ಅವರನ್ನು ಎಬ್ಬಿಸಿ, ಕೆಲವರನ್ನು ಹೊತ್ತುಕೊಂಡು ಬಸ್ಸು ಹತ್ತಿದಾಗ ಕತ್ತಲಾಗಿತ್ತು. ನಿರ್ವಾಹಕ ಟಾರ್ಚು ಬಿಡುತ್ತ ಬಂದು ಎಷ್ಟು ಜನವೆಂದು ನನ್ನನ್ನು ಕೇಳಿದ. ನಾನು ಜೇಬಿನಿಂದ ಪಟ್ಟಿ ತೆಗೆಯುತ್ತಿರುವಾಗ ಹಿಂದಿನ ಸೀಟಿನಿಂದ ಆ ತಾಯಿಯ ಧ್ವನಿ ಬಂತು:

"ಹದಿಮೂರು ದೊಡ್ಡವರು, ಇಪ್ಪತ್ತೆರಡು ಮಕ್ಕಳು."